ವಾದ್ಯದ ನೆನಪು ಕಾಯುವ ಬ್ಯಾಟರಿ

1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಕೀಬೋರ್ಡಿನಲ್ಲಿ ನಾವೇ ರೂಪಿಸಿದ 32 ಧ್ವನಿಗಳನ್ನು ಉಳಿಸಿಡಬಹುದು. ಅವು ಇರುವುದು ರ‍್ಯಾಮ್ ಚಿಪ್ಪಿನಲ್ಲಿ. ವಿದ್ಯುತ್ ನಿಂತರೆ ರ‍್ಯಾಮ್ ಎಲ್ಲವನ್ನೂ ಮರೆಯುತ್ತದೆ. ಆದ್ದರಿಂದ ಸ್ವಿಚ್ ಆರಿಸಿದಾಗಲೂ ಒಳಗಿನ 3 ವೋಲ್ಟ್‌ನ ಲೀಥಿಯಂ ಬ್ಯಾಟರಿ ಅದಕ್ಕೆ ಅಲ್ಪ ವಿದ್ಯುತ್ ಕೊಡುತ್ತಿರುತ್ತದೆ.

ಮಾಮು ಅವರ ಕೀಬೋರ್ಡಿನ ಬ್ಯಾಟರಿ ಬದಲಿಸುವಾಗ ನಾನು ಅವಸರಪಟ್ಟೆ. ಹಳೆಯದನ್ನು ತೆಗೆದೊಡನೆ ಅವರು ಆರ್ಕೆಸ್ಟ್ರಾಕ್ಕಾಗಿ ವರ್ಷಗಟ್ಟಲೆ ಕೂತು ಮಾಡಿದ್ದ ಧ್ವನಿಗಳೆಲ್ಲ ಅಳಿಸಿಹೋದವು. ಮಾಮು ಬೈಯಲಿಲ್ಲ, ಸುಮ್ಮನಾದರು.

ಸರಿಯಾದ ಕ್ರಮ ಹೀಗಿದೆ: ಮೊದಲು ಮಿಡಿ ಮೂಲಕ ಧ್ವನಿಗಳನ್ನು ಕಂಪ್ಯೂಟರಿಗೆ ನಕಲು ಮಾಡಿ. ನಂತರ ಪ್ಲಗ್ ಕಿತ್ತು ವಾದ್ಯ ತೆರೆಯಿರಿ. ಬೆಸುಗೆ ಹಾಕಿದ ಹಳೆಯ ಬ್ಯಾಟರಿಯನ್ನು ಬಿಡಿಸಿ, ಅಲ್ಲಿ ಹೋಲ್ಡರ್ ಕೂರಿಸಿ. ಧನ, ಋಣ ತುದಿ ನೋಡಿಕೊಂಡು ಹೊಸ ಸಿಆರ್2032 ಹಾಕಿ. ಕೊನೆಗೆ ಮೆಮೊರಿ ಪ್ರೊಟೆಕ್ಟ್ ಆಫ್ ಮಾಡಿ, ನಕಲನ್ನು ಮರಳಿ ತುಂಬಿ.

ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಮಾಮುವಿನ ಧ್ವನಿಗಳು ಸಿಗುವುದಿಲ್ಲ.