ಅದೇ ಖಾನಾವಳಿ, ಅದೇ ರೊಟ್ಟಿ. ರುಚಿ ಮಾತ್ರ ಬೇರೆಯೇ?

ಓದುವ ಕಾಲದಲ್ಲಿ ಉಂಡ ಊಟಕ್ಕೆ ಸಮನಾದದ್ದು ಇನ್ನೊಂದಿಲ್ಲ ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ರಾಯಚೂರಿನಲ್ಲಿ ಕಲಿತವರ ಮಾತಂತೂ ಕಾಲೇಜಿಗಿಂತ ಮೊದಲು ಖಾನಾವಳಿಯತ್ತ ಹೊರಳುತ್ತದೆ. ದೇವದುರ್ಗ, ಮಾನ್ವಿಗಳಿಂದ ಟ್ರಂಕು ಹೊತ್ತು ಬಸ್ಸಿಳಿದ ಹುಡುಗರಿಗೆ ಅದು ಎರಡನೆಯ ಮನೆ. ತಿಂಗಳಿಗೊಮ್ಮೆ ದುಡ್ಡು ಕಟ್ಟುವುದು, ಊರಿನಿಂದ ಹಣ ಬರುವುದು ತಡವಾದರೆ ಉದ್ರಿ ಬರೆಸುವುದು, ಒಲೆಯ ಕಡೆಯಿಂದ ‘ತಡೀರಿ, ಬಿಸಿ ರೊಟ್ಟಿ ಬರ್ತಾವ್ರೀ’ ಎಂಬ ದನಿ ಕೇಳುವವರೆಗೆ ಉಳ್ಳಾಗಡ್ಡಿ ಕಡಿಯುತ್ತ ಕೂರುವುದು. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹಸಿದ ಹೊಟ್ಟೆಗೆ ಇನ್ನೇನು ಬೇಕು?

ಆ ಹುಡುಗರು ಈಗ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಸಂಸಾರವಂದಿಗರು. ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಹೆಂಡತಿ ಮಕ್ಕಳನ್ನು ಹಳೆಯ ಖಾನಾವಳಿಗೆ ಕರೆದೊಯ್ಯುವ ಆಸೆ ಹಲವರಿಗೆ. ದಾರಿಯುದ್ದಕ್ಕೂ ಅದರ ವರ್ಣನೆ. ಒಳಗೆ ಹೋಗಿ ಕೂತರೆ ಬೆಂಚು ಗಿಡ್ಡದಾಗಿ ಕಾಣುತ್ತದೆ, ಪಲ್ಯಕ್ಕೆ ಖಾರ ಹೆಚ್ಚಾಯಿತೆನಿಸುತ್ತದೆ. ಮಗ ರೊಟ್ಟಿಯ ಒಂದು ಚೂರು ಮುರಿದು, ‘ಅಪ್ಪಾ, ಇಲ್ಲಿ ಗೋಬಿ ಮಂಚೂರಿ ಸಿಗಲ್ವಾ?’ ಎನ್ನುತ್ತಾನೆ. ಅಪ್ಪನ ಮುಖ ಸಪ್ಪಗಾಗುತ್ತದೆ.

ತಪ್ಪು ಯಾರದು? ಖಾನಾವಳಿಯದಲ್ಲ, ಮಗನದೂ ಅಲ್ಲ. ಅಂದಿನ ರುಚಿಯಲ್ಲಿ ಇಪ್ಪತ್ತರ ಹಸಿವಿತ್ತು, ಗೆಳೆಯರ ಹರಟೆಯಿತ್ತು. ಅವೆರಡೂ ಇಂದಿನ ತಾಟಿನಲ್ಲಿಲ್ಲ.

ನೀರು ಬಂತು, ಅನ್ನ ಬಂತು

ರುಚಿಯ ಈ ಅಂತರಕ್ಕೆ ನೆಲದ ಕಾರಣವೂ ಇದೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆನಾಡು ಮೊದಲು ಜೋಳದ ಸೀಮೆ. ಎರೆಹೊಲದಲ್ಲಿ ಮಳೆಗಾಲದ ಕೊನೆಗೆ ಬಿತ್ತಿದ ಬಿಳಿಜೋಳ ನೆಲದ ಹಸಿಯಲ್ಲೇ ಬೆಳೆಯುತ್ತಿತ್ತು. ದಂಟು ದನಕ್ಕೆ, ಕಾಳು ಮನೆಗೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯತೊಡಗಿತು. ಮುಂದೆ ಎಡದಂಡೆ ಕಾಲುವೆ ಮುಟ್ಟಿದ ಮಾನ್ವಿಯ ಹೊಲಗಳು ಗದ್ದೆಗಳಾದವು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಭತ್ತ ರೈತನ ಕೈಗೆ ರೊಕ್ಕ ತಂದಿತು. ಆ ರೊಕ್ಕದಿಂದಲೇ ಎಷ್ಟೋ ಮಕ್ಕಳು ರಾಯಚೂರಿನ ಕಾಲೇಜು ಮೆಟ್ಟಿಲೇರಿದರು. ಜೊತೆಗೆ ತಾಟಿನಲ್ಲಿ ಅನ್ನದ ಪಾಲು ಹೆಚ್ಚಿ ರೊಟ್ಟಿಯ ಪಾಲು ಇಳಿಯಿತು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಅದು ಬಡಮಕ್ಕಳ ಹಸಿವನ್ನು ನೀಗಿಸಿದ ದೊಡ್ಡ ಕೆಲಸ. ಅಲ್ಲಿಯೂ ಬಹುಪಾಲು ಅನ್ನ ಸಾಂಬಾರೇ.

ಹೀಗೆ ಕಳೆದುಕೊಂಡದ್ದೇನು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ. ಪರೀಕ್ಷೆಗೆ ಓದುವ ಮಕ್ಕಳ ತಾಯಂದಿರು ಗಮನಿಸಬೇಕಾದ ಲೆಕ್ಕವಿದು.

ಜಪಾನಿನಲ್ಲೂ ಇದೇ ಕತೆ

ದೂರದ ಜಪಾನಿನಲ್ಲಿ ‘ಸೋಬಾ’ ಎಂಬ ಶಾವಿಗೆಯಂಥ ತಿನಿಸಿದೆ. ಅದು ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನದು. ಜೋಳದಂತೆ ಆ ಹಿಟ್ಟಿನಲ್ಲೂ ಗೋಧಿಯ ಗ್ಲುಟೆನ್ ಇಲ್ಲ, ಆದ್ದರಿಂದ ಎಳೆ ಹಿಡಿಯದು. ಅನೇಕರು ಎಂಟು ಪಾಲಿಗೆ ಎರಡು ಪಾಲು ಗೋಧಿಹಿಟ್ಟು ಬೆರೆಸುತ್ತಾರೆ. ಬೆರಕೆ ಬೇಡವೆನ್ನುವ ಕೆಲವರು ಬಿಸಿನೀರಿನಲ್ಲಿ ಕಲಸುತ್ತಾರೆ. ನಮ್ಮ ತಾಯಂದಿರು ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದುವುದೂ ಇದಕ್ಕೇ. ಕುದಿಯುವ ನೀರಿಗೆ ಹಿಟ್ಟಿನ ಪಿಷ್ಟ ಅಂಟಾಗುತ್ತದೆ, ಬಡಿದರೂ ರೊಟ್ಟಿ ಹರಿಯುವುದಿಲ್ಲ. ಸಾವಿರಾರು ಮೈಲಿ ದೂರದ ಎರಡು ಅಡುಗೆಮನೆಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ!

ಅಲ್ಲಿಯೂ ಹೊಸ ಪೀಳಿಗೆ ಹಳೆಯ ಊಟದಿಂದ ದೂರ ಸರಿಯುತ್ತಿದೆಯೆಂಬ ಚಿಂತೆಯಿದೆ. 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಅಲ್ಲಿ ಕಾನೂನು ಬಂತು. 2013ರಲ್ಲಿ ಜಪಾನಿನ ಸಾಂಪ್ರದಾಯಿಕ ಊಟದ ಪದ್ಧತಿ ಯುನೆಸ್ಕೋ ಪಟ್ಟಿ ಸೇರಿತು. ಡಿಸೆಂಬರ್ 31ರ ರಾತ್ರಿ ಮನೆಮಂದಿ ಸೋಬಾ ಉಣ್ಣುವ ರೂಢಿ ಇಂದಿಗೂ ಉಳಿದಿದೆ. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು, ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುವುದಿಲ್ಲವೇ? ಊಟ ನೆನಪಾಗಿ ಉಳಿಯುವುದು ಇಂಥ ದಿನಗಳಿಂದ.

ಒಂದೇ ಸಲಕ್ಕೆ ಒಪ್ಪುವುದಿಲ್ಲ

ಮಕ್ಕಳು ಹೊಸ ರುಚಿಯೊಂದನ್ನು ಒಪ್ಪಲು ಎಂಟು ಹತ್ತು ಸಲ ಬಾಯಿಗಿಡಬೇಕಾಗಬಹುದು ಎನ್ನುತ್ತಾರೆ ತಜ್ಞರು. ಅಪ್ಪನ ಬಾಯಿಗೆ ರೊಟ್ಟಿ ಹತ್ತಿದ್ದು ಹಾಲುಹಲ್ಲಿನ ಕಾಲದಲ್ಲಿ. ಮಗನಿಗೆ ಅದು ವರ್ಷಕ್ಕೊಂದು ದಿನ. ‘ನಾವು ಇದನ್ನೇ ತಿಂದು ಬೆಳೆದೆವು’ ಎಂದು ಗದರಿದರೆ ರೊಟ್ಟಿ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೆ. ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಡಿ. ಖಾರದ ಹಿಂಡಿಗೆ ಮೊಸರು ಬೆರೆಸಿ. ಒಲೆಯ ಬಳಿ ನಿಲ್ಲಲು ಬಿಟ್ಟರೆ ಮಗುವನ್ನು ಕರೆದೊಯ್ದು ತೋರಿಸಿ: ನಿಂಬೆಹಣ್ಣಿನಷ್ಟಿದ್ದ ಹಿಟ್ಟಿನ ಉಂಡೆ ಅಂಗೈ ಬಡಿತಕ್ಕೆ ಹೇಗೆ ಹಿಗ್ಗುತ್ತದೆ, ಹಂಚಿಗೆ ಹಾಕಿದ ಮೇಲೆ ನೀರು ಸವರುವುದೇಕೆ, ಉಬ್ಬಿದ್ದನ್ನು ತಿರುವುವುದು ಯಾವಾಗ. ಕಣ್ಣಿಗೆ ಹಿಡಿಸಿದ್ದು ನಾಲಿಗೆಗೂ ಬೇಗ ಹಿಡಿಸುತ್ತದೆ.

ಉದ್ರಿಯ ಕತೆಯನ್ನೂ ಹೇಳಿ. ದುಡ್ಡಿಲ್ಲದ ತಿಂಗಳಲ್ಲಿ ಊಟ ಹಾಕಿದವರು ಯಾರು, ಪರೀಕ್ಷೆಯ ದಿನ ಬೇಗ ಒಲೆ ಹಚ್ಚಿದವರು ಯಾರು ಎಂಬುದು ಮಕ್ಕಳಿಗೆ ತಿಳಿಯಲಿ. ರೊಟ್ಟಿ ಬಡಿಯುವುದು ಬೆನ್ನು, ರಟ್ಟೆ ನೋಯಿಸುವ ಕೆಲಸ. ಹೊಗೆ, ಕಾವು ಬೇರೆ. ತಮ್ಮ ಮಗಳಿಗೆ ಇದು ಬೇಡ, ಅವಳು ಓದಲಿ ಎಂದು ರೊಟ್ಟಿ ಬಡಿಯುವ ತಾಯಿ ಬಯಸಿದರೆ ಅದು ನ್ಯಾಯವೇ. ನಮ್ಮ ನಾಲಿಗೆಯ ಆಸೆಗಾಗಿ ಅವಳು ಒಲೆಯ ಮುಂದೆಯೇ ಇರಲಿ ಎನ್ನಲಾಗದು. ಕೈಗೆ ತಕ್ಕ ಕೂಲಿ, ಕೆಲಸಕ್ಕೆ ತಕ್ಕ ಮರ್ಯಾದೆ ಸಿಕ್ಕಲ್ಲಿ ಮಾತ್ರ ಈ ವಿದ್ಯೆ ಉಳಿದೀತು. ಉಂಡೆದ್ದವರು ಲೆಕ್ಕ ಚುಕ್ತಾ ಮಾಡುವಾಗ ಇದನ್ನು ನೆನೆಯಬಹುದು.

ವಿದ್ಯಾರ್ಥಿಗಳಿಗೂ ಒಂದು ಮಾತು. ಇಂದು ನೀವು ಗೊಣಗುತ್ತ ಉಣ್ಣುವ ಮೆಸ್ಸೇ ಇಪ್ಪತ್ತು ವರ್ಷದ ಬಳಿಕ ನಿಮ್ಮನ್ನು ಕರೆದೀತು. ಅಷ್ಟು ದಿನ ಬಡಿಸಿದವರ ಹೆಸರನ್ನಾದರೂ ಈಗಲೇ ಕೇಳಿಟ್ಟುಕೊಳ್ಳಿ.