ಹೂವೂ ನಾರೂ: ಹಡಗಲಿಯ ಸೀಮೆಯ ಹೂವಾಡಿಗ ವೃತ್ತಿಯ ವಿಚಾರ

‘ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತು’ ಎಂಬುದು ಕನ್ನಡಿಗರಲ್ಲಿ ರೂಢವಾಗಿರುವ ಗಾದೆ. ಸತ್ಸಹವಾಸದಿಂದ ಅಲ್ಪನಿಗೂ ಉತ್ತಮಗತಿಯುಂಟಾಗುವುದೆಂಬುದೇ ಇದರ ತಾತ್ಪರ್ಯವೆಂದು ಪಾಠಶಾಲೆಗಳಲ್ಲಿ ಬೋಧಿಸುವರು. ಆದರೆ ಈ ತಾತ್ಪರ್ಯಕ್ಕೆ ಆಧಾರವಾದ ವಾಚ್ಯಾರ್ಥವೂ ಒಂದುಂಟು. ನಾರು ಹೂವಿನಂತೆಯೇ ಗಿಡದಿಂದ ಬಂದುದು. ಹೂವಿನೊಡನೆ ದೇವರ ಮುಡಿಯನ್ನೇರಿ, ಹೂವಿನೊಡನೆ ಬಾಡಿ, ಕಡೆಗೆ ಹೂವಿನೊಡನೆಯೇ ಮಣ್ಣಾಗತಕ್ಕುದು. ಎರಡರ ಗತಿಯೂ ಒಂದೇ ಎಂಬುದನ್ನು ಕಣ್ಣಾರೆ ಕಂಡ ಜನರ ಬಾಯಲ್ಲಿ ಈ ಮಾತು ಹುಟ್ಟಿತು. ಈಗಲಾದರೋ ಪೇಟೆಯಲ್ಲಿ ದೊರೆಯುವ ಅನೇಕ ಮಾಲೆಗಳು ಪಾಲಿಯೆಸ್ಟರ್ ದಾರದಿಂದ ಕಟ್ಟಲ್ಪಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕೊಳ್ಳುವವರ ಕೈಸೇರುತ್ತಿರುವುದರಿಂದ, ಗಾದೆಯ ವಾಚ್ಯಾರ್ಥವೇ ತಪ್ಪಿಹೋಗುತ್ತಲಿದೆ. ಹೂವಿನ ವ್ಯಾಪಾರದಂತಹ ಕಿರಿಯ ವೃತ್ತಿಯು ಪರಿಸರಕ್ಕೆ ಹಿತವಾಗಿ ನಡೆಯಬೇಕಾದರೆ ಏನೇನು ಆಗಬೇಕೆಂಬುದನ್ನು, ಹೂವಿಗೆ ಹೆಸರಾದ ಒಂದು ಸೀಮೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದವು. ಇವುಗಳಲ್ಲಿ ಹಡಗಲಿಯು ತನ್ನ ಹೆಸರಿನಲ್ಲಿಯೇ ಹೂವನ್ನು ಧರಿಸಿರುವುದು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ರಾಜಧಾನಿಗೆ ಹೂವು ಹೋಗುತ್ತಿದ್ದಿತೆಂದು ಜನಪ್ರತೀತಿಯುಂಟು. ಹಡಗಲಿಯ ಮಲ್ಲಿಗೆಗೆ ಮೈಸೂರು ಮತ್ತು ಉಡುಪಿಯ ಮಲ್ಲಿಗೆಗಳೊಡನೆ ೨೦೦೭-೦೮ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. ಉಡುಪಿಯ ಮಲ್ಲಿಗೆಯನ್ನು ಸಸ್ಯಶಾಸ್ತ್ರಜ್ಞರು ಜಾಸ್ಮಿನಮ್ ಸಾಂಬಾಕ್ ಎಂದು ಕರೆಯುವರು. ಇದೇ ಸಂಸ್ಕೃತದ ಮಲ್ಲಿಕಾ. ಹಡಗಲಿಯದಾದರೋ ಜಾಸ್ಮಿನಮ್ ಆರಿಕ್ಯುಲೇಟಮ್, ಎಂದರೆ ಸಂಸ್ಕೃತದ ಯೂಥಿಕಾ. ಕನ್ನಡವು ಎರಡನ್ನೂ ಮಲ್ಲಿಗೆಯೆಂಬ ಒಂದೇ ಹೆಸರಿನಲ್ಲಿ ಅಡಗಿಸಿಕೊಂಡಿದೆ.

ಹೂವನ್ನು ಮಾರುವವನಿಗೆ ಹೂವಾಡಿಗನೆಂದು ಹೆಸರು. ತದ್ಧಿತಪ್ರಕರಣದಲ್ಲಿ ‘ಆಡಿಗ’ ಪ್ರತ್ಯಯಕ್ಕೆ ಹಾವಾಡಿಗ, ಹೂವಾಡಿಗ ಎಂಬ ಶಬ್ದಗಳನ್ನು ಉದಾಹರಿಸುವುದು ಉಪಾಧ್ಯಾಯರಿಗೆ ತಿಳಿದ ವಿಷಯವೇ. ಈ ವೃತ್ತಿಗೆ ದೊಡ್ಡ ಬಂಡವಾಳವಿಲ್ಲ. ಬೆಳೆಯುವವರು, ಬಿಡಿಸುವವರು, ಕಟ್ಟುವವರು, ಮಾರುವವರು ಎಂದು ಹಲವು ಕೈಗಳ ನಡುವೆ ಅಲ್ಪಲಾಭವು ಹಂಚಿಹೋಗುವುದು. ಕಟ್ಟುವ ಕೆಲಸವು ಬಹುಮಟ್ಟಿಗೆ ಹೆಂಗಸರದು. ಮೆಟ್ರಿಕ್ ಅಳತೆಗಳು ಬಂದ ಮೇಲೂ ಮೊಳ, ಮಾರು ಎಂಬ ದೇಹಮಾನಗಳು ಈ ವ್ಯಾಪಾರದಲ್ಲಿ ಅಳಿಯದೆ ಉಳಿದಿವೆ. ಮೊಳವೊಂದಕ್ಕೆ ದೊರೆಯುವ ಹಣವು ಸ್ವಲ್ಪವಾದುದರಿಂದ, ದಾರಕ್ಕೂ ಹೊದಿಕೆಗೂ ತಗಲುವ ಚಿಲ್ಲರೆ ವೆಚ್ಚವೇ ಇಲ್ಲಿ ನಿರ್ಣಾಯಕವಾಗುವುದು. ಇದನ್ನು ಮರೆತು ಕೊಡುವ ಉಪದೇಶವು ವ್ಯರ್ಥ.

ಈ ವೃತ್ತಿಯಲ್ಲಿ ವಿಚಾರಿಸತಕ್ಕ ಸಂಗತಿಗಳು ಮೂರು: ದಾರ, ಹೊದಿಕೆ, ನಿರ್ಮಾಲ್ಯ.

ಮೊದಲನೆಯದು ದಾರ. ಸಂಸ್ಕೃತದಲ್ಲಿ ‘ಗುಣ’ಶಬ್ದಕ್ಕೆ ದಾರವೆಂಬ ಅರ್ಥವೂ ಇರುವುದು, ಮಾಲೆಯ ಗುಣವು ಅದರ ಗುಣವನ್ನೇ ಅವಲಂಬಿಸಿರುವುದೆಂದರೆ ಶ್ಲೇಷೆಯೂ ಆಯಿತು, ಸತ್ಯವೂ ಆಯಿತು. ಬಾಳೆಯು ಒಮ್ಮೆ ಗೊನೆಹಾಕಿದ ಬಳಿಕ ಕಡಿಯಲ್ಪಡುವ ಗಿಡ. ಅದರ ದಿಂಡಿನ ಪಟ್ಟೆಯನ್ನು ಒಣಗಿಸಿಟ್ಟು, ಬೇಕಾದಾಗ ನೀರಿನಲ್ಲಿ ನೆನೆಸಿ, ಸಣ್ಣಗೆ ಸೀಳಿದರೆ ನಾರು ಸಿದ್ಧ. ಒದ್ದೆಯಾದ ನಾರು ಮೃದುವಾದುದರಿಂದ ಎಳೆಯ ತೊಟ್ಟನ್ನು ಕೊಯ್ಯುವುದಿಲ್ಲ. ಬಿಸಾಡತಕ್ಕ ವಸ್ತುವಿನಿಂದ ಹುಟ್ಟಿದುದರಿಂದ ಹೊಸ ಭಾರವನ್ನೂ ತರುವುದಿಲ್ಲ. ಹತ್ತಿಯ ನೂಲು ಇದಕ್ಕೆ ಎರಡನೆಯದು. ಅದೂ ಮಣ್ಣಿನಲ್ಲಿ ಕರಗುವುದು. ಪಾಲಿಯೆಸ್ಟರ್ ಮಾತ್ರ ಕರಗದು. ಅದು ಅಗ್ಗವಾದುದು, ಗಟ್ಟಿಯಾದುದು, ನೆನೆಸಿ ಸೀಳುವ ಶ್ರಮವನ್ನು ಬೇಡದುದು. ಕಟ್ಟುವವರು ಅದಕ್ಕೆ ಒಲಿದುದು ಅಜ್ಞಾನದಿಂದಲ್ಲ.

ಎರಡನೆಯದು ಹೊದಿಕೆ. ಕೊಯ್ದ ಮೊಗ್ಗು ಜೀವವಿಲ್ಲದ ವಸ್ತುವಲ್ಲ. ಅದು ಉಸಿರಾಡುತ್ತಲೇ ಇದ್ದು, ಶಾಖವನ್ನೂ ತೇವವನ್ನೂ ಹೊರಬಿಡುವುದು. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದೊಳಗೆ ಈ ತೇವವು ಹನಿಗಟ್ಟಿ, ದಳಗಳು ಕಂದಿ ಕೊಳೆಯುವುವು. ಪ್ಲಾಸ್ಟಿಕ್ಕು ಹೂವನ್ನು ಒಣಗಗೊಡದೆಂಬುದೂ ನಿಜವೇ. ಆದರೆ ಬಿದಿರುಬುಟ್ಟಿಯಲ್ಲಿ ಹಾಸಿದ ಒದ್ದೆ ಬಟ್ಟೆಯಾಗಲಿ, ಬಾಳೆ ಅಥವಾ ಮುತ್ತುಗದ ಎಲೆಯಾಗಲಿ ಗಾಳಿಯನ್ನು ತಡೆಯದೆ ತಂಪನ್ನು ಉಳಿಸಬಲ್ಲವು. ಒಂದು ದಿನ ಬಾಳುವ ಹೂವಿಗೆ ತಲೆಮಾರುಗಳವರೆಗೆ ಅಳಿಯದ ಹೊದಿಕೆಯನ್ನು ತೊಡಿಸುವುದು ಯಾವ ಲೆಕ್ಕದಿಂದಲೂ ಉಚಿತವಲ್ಲ.

ಮೂರನೆಯದು ನಿರ್ಮಾಲ್ಯ, ಎಂದರೆ ದೇವರಿಗೇರಿಸಿ ತೆಗೆದ ಹೂವು. ಕೊಟ್ಟೂರೇಶ್ವರನ ರಥೋತ್ಸವ, ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ಮೊದಲಾದ ಸಂದರ್ಭಗಳಲ್ಲಿ ಅಪಾರ ಜನರು ಸೇರುವರು. ಅಲ್ಲಿ ಹೂವೂ ಅಪಾರ. ನಾರಿನಲ್ಲಿಯೋ ನೂಲಿನಲ್ಲಿಯೋ ಕಟ್ಟಿದ ಹೂವಾದರೆ ಹಾಗೆಯೇ ಗುಂಡಿಗೆ ಸೇರಿಸಿ ಗೊಬ್ಬರ ಮಾಡಬಹುದು. ಪಾಲಿಯೆಸ್ಟರ್ ದಾರವಿದ್ದರೆ ಅದನ್ನು ಬಿಡಿಸಬೇಕು. ಬಿಡಿಸದೆ ತಿಪ್ಪೆಗೆಸೆದರೆ ದನಕರುಗಳ ಹೊಟ್ಟೆಗೆ ಹೋಗುವುದು. ಕಾನ್ಪುರದಲ್ಲಿ ದೇವಾಲಯಗಳ ಹೂವಿನಿಂದ ಊದುಬತ್ತಿಯನ್ನು ತಯಾರಿಸುವ ಉದ್ಯಮವೊಂದು ೨೦೧೭ರಿಂದ ನಡೆಯುತ್ತಿರುವುದು, ನಿರ್ಮಾಲ್ಯವೂ ಜೀವನೋಪಾಯವಾಗಬಲ್ಲುದೆಂಬುದಕ್ಕೆ ನಿದರ್ಶನ.

ಎಸೆದ ಪ್ಲಾಸ್ಟಿಕ್ಕು ಗಾಳಿಯಿಂದಲೂ ಮಳೆಯ ನೀರಿನಿಂದಲೂ ಕಡೆಗೆ ಹಳ್ಳಕೆರೆಗಳನ್ನು ಸೇರುವುದು. ಈ ಸೀಮೆಯ ಕೆರೆಗಳು ಸಾಮಾನ್ಯವಾದುವಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಪಕ್ಷಿಸಂರಕ್ಷಣಾ ಮೀಸಲು ಪ್ರದೇಶವಾಗಿದ್ದು, ೨೦೨೪ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಪ್ಲಾಸ್ಟಿಕ್ ಕೈಚೀಲವನ್ನು ಕರ್ನಾಟಕವು ೨೦೧೬ರ ಮಾರ್ಚಿಯಲ್ಲಿಯೇ ನಿಷೇಧಿಸಿತು; ಒಮ್ಮೆ ಬಳಸಿ ಬಿಸಾಡುವ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ಸರಕಾರವು ೨೦೨೨ರ ಜುಲೈ ೧ರಿಂದ ನಿಷೇಧಿಸಿತು. ಆದರೆ ಈ ನಿಷೇಧಗಳು ಮಾಲೆಯ ದಾರವನ್ನು ಮುಟ್ಟಿಲ್ಲ. ಅದು ಜನರ ವಿವೇಕಕ್ಕೆ ಬಿಟ್ಟುದಾಗಿದೆ.

ಈ ವಿವೇಕದ ವೆಚ್ಚವನ್ನು ಯಾರು ಹೊರಬೇಕೆಂಬುದೇ ಮುಖ್ಯವಾದ ಪ್ರಶ್ನೆ. ನಾರನ್ನು ಸೀಳುವ ವೇಳೆಗೆ ಕೂಲಿಯಿಲ್ಲದಿದ್ದರೆ ಕಟ್ಟುವವಳೊಬ್ಬಳೇ ನಷ್ಟಕ್ಕೆ ಗುರಿಯಾಗುವಳು. ಅಂತಹ ಸುಧಾರಣೆಯು ಬಹುದಿನ ನಿಲ್ಲದು. ಆದುದರಿಂದ ಕೊಳ್ಳುವವರು ಬುಟ್ಟಿಯನ್ನೋ ಬಟ್ಟೆಯ ಚೀಲವನ್ನೋ ತಂದು ಹೊದಿಕೆಯ ವೆಚ್ಚವನ್ನು ಇಳಿಸಬೇಕು. ನಾರಿನ ಮಾಲೆಗೆ ಮೊಳಕ್ಕಿಷ್ಟೆಂದು ಹೆಚ್ಚು ಕೊಡಲು ಹಿಂಜರಿಯಬಾರದು. ದೇವಾಲಯದವರು ನಾರಿನಲ್ಲಿಯೋ ನೂಲಿನಲ್ಲಿಯೋ ಕಟ್ಟಿದ ಮಾಲೆಯನ್ನೇ ಸ್ವೀಕರಿಸುವ ನಿಯಮವನ್ನು ಮಾಡಬಹುದು. ಆಗ ಎಲ್ಲ ಅಂಗಡಿಗಳಿಗೂ ಒಂದೇ ಕಟ್ಟಳೆಯಾಗಿ, ಒಳ್ಳೆಯದನ್ನು ಮಾಡಿದವನೇ ನಷ್ಟಪಡುವ ಅನ್ಯಾಯವು ತಪ್ಪುವುದು. ಬಾಳೆಯನ್ನು ಬೆಳೆಯುವವರು ದಿಂಡನ್ನು ಬಿಸಾಡದೆ ಪಟ್ಟೆಯನ್ನು ಮಾರಿದರೆ ಅವರಿಗೂ ನಾಲ್ಕು ಕಾಸು ದೊರೆಯುವುದು.

ಶಾಲೆಗಳಲ್ಲಿ ಮೇಲ್ಕಂಡ ಗಾದೆಯನ್ನು ವಿವರಿಸುವ ಉಪಾಧ್ಯಾಯರು, ಸತ್ಸಹವಾಸದ ತಾತ್ಪರ್ಯದೊಡನೆ ಬಾಳೆಯ ನಾರೊಂದನ್ನೂ ಮಕ್ಕಳ ಕೈಗೆ ಕೊಟ್ಟು ತೋರಿಸುವುದು ಲೇಸು. ನಾರೆಂದರೇನೆಂದು ಅರಿಯದ ಮಕ್ಕಳಿಗೆ ಅದು ಸ್ವರ್ಗಕ್ಕೆ ಹೋದ ಬಗೆಯು ತಿಳಿಯುವುದಾದರೂ ಹೇಗೆ?