ಓಡುತ್ತಿರುವವರು ಯಾರು?

1845ರಲ್ಲಿ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ಬಳಿ ರೈಲು ಹಳಿಯ ಮೇಲೊಂದು ಅಪರೂಪದ ಪ್ರಯೋಗ ನಡೆಯಿತು. ಬಾಯ್ಸ್ ಬ್ಯಾಲಟ್ ಎಂಬ ವಿಜ್ಞಾನಿ ತುತ್ತೂರಿ ಊದುವವರನ್ನು ರೈಲಿಗೆ ಹತ್ತಿಸಿ, ಶ್ರುತಿಜ್ಞಾನವಿದ್ದ ಸಂಗೀತಗಾರರನ್ನು ಹಳಿಯ ಪಕ್ಕ ನಿಲ್ಲಿಸಿದರು. ರೈಲು ಹತ್ತಿರ ಬರುವಾಗ ಸ್ವರ ಏರಿದಂತೆ ಕೇಳಿತು, ದಾಟಿ ಹೋದಮೇಲೆ ಇಳಿಯಿತು. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದ್ದ ತತ್ವ ಸದ್ದಿನ ಮಟ್ಟಿಗೆ ಹೀಗೆ ರುಜುವಾಯಿತು.

ಇದರ ಲೆಕ್ಕಕ್ಕೆ ಗುಣಾಕಾರ, ಭಾಗಾಕಾರ ಬಂದರೆ ಸಾಕು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ರೈಲೊಂದು 400 ಹರ್ಟ್ಸ್‌ನ ಶಿಳ್ಳೆ ಹಾಕುತ್ತಾ ನಮ್ಮತ್ತ ಬರುತ್ತಿದೆ. ಪ್ರತಿ ಅಲೆಯೂ ಹಿಂದಿನದಕ್ಕಿಂತ ತುಸು ಹತ್ತಿರದಿಂದ ಹೊರಡುವುದರಿಂದ ಅಲೆಗಳು ಒತ್ತೊತ್ತಾಗುತ್ತವೆ. 400ನ್ನು 340ರಿಂದ ಗುಣಿಸಿ, 340ರಲ್ಲಿ 20 ಕಳೆದು ಉಳಿದ 320ರಿಂದ ಭಾಗಿಸಿ: 425 ಹರ್ಟ್ಸ್. ರೈಲು ದೂರ ಸರಿಯುವಾಗ ಭಾಜಕ 360 ಆಗುತ್ತದೆ. ಕೇಳಿಸುವುದು ಸುಮಾರು 378.

ರೈಲು ನಿಂತಿದ್ದು, ನಾವೇ ಅಷ್ಟು ವೇಗದಲ್ಲಿ ಅದರತ್ತ ಹೋದರೆ? ಉತ್ತರ 425 ಅಲ್ಲ, ಸುಮಾರು 423.5. ಅಲೆಗಳ ನಡುವಿನ ಅಂತರ ಆಗ ಬದಲಾಗುವುದಿಲ್ಲ. ನಾವು ಅವುಗಳಿಗೆ ಬೇಗ ಬೇಗ ಎದುರಾಗುತ್ತೇವೆ. ಗಾಳಿಯ ಲೆಕ್ಕದಲ್ಲಿ ಯಾರು ಓಡುತ್ತಿದ್ದಾರೆ, ಯಾರು ನಿಂತಿದ್ದಾರೆ ಎಂಬುದು ಮುಖ್ಯ.

ಬೆಳಕು ಸಾಗಲು ಗಾಳಿಯಂಥ ಮಾಧ್ಯಮ ಬೇಕಿಲ್ಲ. ಬೆಳಕಿನ ಅರ್ಧ ವೇಗದಲ್ಲಿ ದೀಪವೊಂದು ನಮ್ಮತ್ತ ಬರುತ್ತಿದೆ ಎನ್ನಿ. ಸದ್ದಿನ ಸೂತ್ರ ಹಾಕಿದರೆ ದೀಪ ಚಲಿಸುವಾಗ ಆವೃತ್ತಿ 2 ಪಟ್ಟು, ನಾವು ಚಲಿಸುವಾಗ 1.5 ಪಟ್ಟು ಎಂದು ಬರುತ್ತದೆ. ಪ್ರಕೃತಿ ಎರಡನ್ನೂ ಒಪ್ಪುವುದಿಲ್ಲ. ಓಡುವ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದನ್ನು ಸೇರಿಸಿದಾಗ ಎರಡೂ ದಾರಿಗಳು ಒಂದೇ ಉತ್ತರಕ್ಕೆ ಬಂದು ನಿಲ್ಲುತ್ತವೆ: 3ರ ವರ್ಗಮೂಲ, ಸುಮಾರು 1.732. ಅದು 2 ಮತ್ತು 1.5ರ ಗುಣಲಬ್ಧದ ವರ್ಗಮೂಲವೇ! ಭೌತಶಾಸ್ತ್ರದಲ್ಲಿ ಇಷ್ಟು ಸೊಗಸಾದ ರಾಜಿ ಸಿಗುವುದು ವಿರಳ.

ವೇಗ ಕಡಿಮೆಯಿದ್ದರೆ ಈ ಸೂತ್ರ ಇನ್ನೂ ಸರಳ: ವೇಗವು ಬೆಳಕಿನ ವೇಗದ ಎಷ್ಟನೇ ಪಾಲೋ, ತರಂಗಾಂತರವೂ ಅಷ್ಟೇ ಪಾಲು ಬದಲಾಗುತ್ತದೆ. 1912ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಆಂಡ್ರೊಮಿಡಾದ ಬೆಳಕನ್ನು ಅಳೆದು, ಅದು ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆ ಎಂದು ಕಂಡುಕೊಂಡರು. ಅದು ಬೆಳಕಿನ ವೇಗದ ಸಾವಿರದ ಒಂದು ಪಾಲು. 656.3 ನ್ಯಾನೊಮೀಟರಿನ ಹೈಡ್ರೋಜನ್ ರೇಖೆ ಆ ವೇಗಕ್ಕೆ ಸರಿಯುವುದು 0.66 ನ್ಯಾನೊಮೀಟರ್ ಮಾತ್ರ. ಅಷ್ಟು ಸಣ್ಣ ಸರಿತದಿಂದ ಇಡೀ ಗೆಲಾಕ್ಸಿಯ ಓಟ ತಿಳಿಯಿತು.

ಪರೀಕ್ಷೆಗೆಂದು ಸೂತ್ರದ ಪ್ಲಸ್ಸು, ಮೈನಸ್ಸು ಬಾಯಿಪಾಠ ಮಾಡುವ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದು: ಅಲೆ ಯಾವುದರಲ್ಲಿ ಸಾಗುತ್ತಿದೆ, ಓಡುತ್ತಿರುವವರು ಯಾರು ಎಂದು ಕೇಳಿಕೊಳ್ಳಿ. ಆ ಎರಡು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಚಿಹ್ನೆ ತಪ್ಪುವುದಿಲ್ಲ.